ಮುಳ್ಳು ನಡುವೆ ನಿಂತಿತ್ತು, ವಿಮಾನ ಕಡಲಿಗೆ ಇಳಿಯುತ್ತಿತ್ತು

ಪೆಸಿಫಿಕ್ ಸಾಗರದ ನಡುವೆ ಸಮೋವಾ ಎಂಬ ಪುಟ್ಟ ದ್ವೀಪ ದೇಶವಿದೆ. 2000ದ ಜುಲೈ ಕೊನೆಯ ಒಂದು ರಾತ್ರಿ ಏರ್ ನ್ಯೂಜಿಲೆಂಡ್ ಕಂಪನಿಯ ಬೋಯಿಂಗ್ 767 ವಿಮಾನವೊಂದು ಆಕ್ಲೆಂಡ್‌ನಿಂದ ಬಂದು ಅಲ್ಲಿನ ಫಲಿಯೋಲೊ ನಿಲ್ದಾಣದತ್ತ ಇಳಿಯುತ್ತಿತ್ತು. ವಿಮಾನದಲ್ಲಿ 170ಕ್ಕೂ ಹೆಚ್ಚು ಜನರಿದ್ದರು. ಕಾಕ್‌ಪಿಟ್‌ನಲ್ಲಿ ಒಬ್ಬರಲ್ಲ, ಇಬ್ಬರಲ್ಲ, ಮೂವರು ಪೈಲಟ್‌ಗಳಿದ್ದರು. ಹೊರಗೆ ಕತ್ತಲು, ಕೆಳಗೆ ಕಡಲು.

ಇಳಿಯುವ ದಾರಿ ಸರಿಯಿದೆಯೇ ಎಂದು ತೋರಿಸುವ ಸೂಚಕ ನಟ್ಟನಡುವೆ ನಿಂತಿತ್ತು. ಎಲ್ಲವೂ ಸರಿಯಾಗಿದೆ ಎಂಬುದು ಅದರ ಅರ್ಥ. ಎಚ್ಚರಿಕೆಯ ಗುರುತು ಇರಲಿಲ್ಲ, ಗಂಟೆ ಬಾರಿಸಲಿಲ್ಲ. ಆಟೊಪೈಲಟ್ ಆ ಸೂಚನೆಯನ್ನೇ ಹಿಡಿದು ಸಲೀಸಾಗಿ ಇಳಿಯುತ್ತಿತ್ತು. ಆದರೆ ರನ್‌ವೇ ಇನ್ನೂ ಸುಮಾರು 6 ನಾಟಿಕಲ್ ಮೈಲಿ ದೂರದಲ್ಲಿದ್ದಾಗಲೇ ವಿಮಾನ ನೀರಿನಿಂದ ಸುಮಾರು 400 ಅಡಿಗೆ ಬಂದಿತ್ತು. ಅಷ್ಟು ದೂರದಲ್ಲಿ ಅದು ಇರಬೇಕಾದ ಎತ್ತರ ಹೆಚ್ಚುಕಡಿಮೆ 1,900 ಅಡಿ. ಹಾಗೆಯೇ ಬಿಟ್ಟಿದ್ದರೆ ಕಡಲು ಸೇರಲು ಕೆಲವೇ ಸೆಕೆಂಡುಗಳು ಬಾಕಿ.

ಆ ವಿಮಾನ ಬೀಳಲಿಲ್ಲ. ಯಾರಿಗೂ ಒಂದು ಗೀರೂ ಆಗಲಿಲ್ಲ. ಅದಕ್ಕೇ ಎನ್‌ಜೆಡ್60 ಎಂಬ ಈ ಹಾರಾಟದ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಬಿದ್ದ ವಿಮಾನ ಸುದ್ದಿಯಾಗುತ್ತದೆ, ಬೀಳದೆ ಉಳಿದದ್ದು ಆಗುವುದಿಲ್ಲ. ಆದರೆ ನಾಳೆ ಯಾವುದೋ ಕಂಪನಿಯಲ್ಲೋ, ಆಸ್ಪತ್ರೆಯಲ್ಲೋ, ವಿದ್ಯುತ್ ಕೇಂದ್ರದಲ್ಲೋ ಕಂಪ್ಯೂಟರ್ ಪರದೆಯ ಮುಂದೆ ಕುಳಿತು ‘ಎಲ್ಲ ಸರಿ ಇದೆ’ ಎಂಬ ಹಸಿರು ದೀಪ ನೋಡುತ್ತಾ ಕೆಲಸ ಮಾಡಬೇಕಾದ ನಮ್ಮಂಥವರು ತಿಳಿಯಲೇಬೇಕಾದ ಕಥೆ ಇದು.

ತಕ್ಕಡಿಯ ಲೆಕ್ಕ

ರಾತ್ರಿ ಅಥವಾ ಮೋಡ ಕವಿದಾಗ ವಿಮಾನವನ್ನು ರನ್‌ವೇಗೆ ಕರೆತರುವ ವ್ಯವಸ್ಥೆಯ ಹೆಸರು ಐಎಲ್‌ಎಸ್. ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಂ ಎಂಬುದರ ಚಿಕ್ಕ ರೂಪ. ಇದರಲ್ಲಿ ಎರಡು ಮುಖ್ಯ ಭಾಗಗಳು. ಒಂದು, ಲೋಕಲೈಸರ್. ವಿಮಾನ ರನ್‌ವೇಯ ನೇರಕ್ಕೆ ಇದೆಯೋ, ಎಡಕ್ಕೋ ಬಲಕ್ಕೋ ಸರಿದಿದೆಯೋ ಎಂದು ಹೇಳುವುದು ಇದರ ಕೆಲಸ. ಇನ್ನೊಂದು, ಗ್ಲೈಡ್ ಸ್ಲೋಪ್. ವಿಮಾನ ಇಳಿಯಬೇಕಾದ ಓರೆದಾರಿಗಿಂತ ಮೇಲಿದೆಯೋ ಕೆಳಗಿದೆಯೋ ಎಂದು ಹೇಳುವುದು ಇದರ ಕೆಲಸ. ಈ ಓರೆದಾರಿ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನದು.

ಇದು ಕೆಲಸ ಮಾಡುವ ಬಗೆ ಸರಳ. ರನ್‌ವೇ ಪಕ್ಕದ ಆಂಟೆನಾ 90 ಹರ್ಟ್ಸ್ ಮತ್ತು 150 ಹರ್ಟ್ಸ್‌ನ ಎರಡು ಸ್ವರಗಳನ್ನು ರೇಡಿಯೊ ತರಂಗದ ಮೇಲೆ ಕೂರಿಸಿ ಕಳಿಸುತ್ತದೆ. ವಿಮಾನ ಸರಿದಾರಿಗಿಂತ ಮೇಲಿದ್ದರೆ 90ರ ಸ್ವರ ಜೋರು, ಕೆಳಗಿದ್ದರೆ 150ರ ಸ್ವರ ಜೋರು. ವಿಮಾನದೊಳಗಿನ ರಿಸೀವರ್ ಎರಡನ್ನೂ ಹೋಲಿಸುತ್ತದೆ. ಎರಡೂ ಸಮವಾಗಿದ್ದರೆ ಮುಳ್ಳು ನಡುವೆ ನಿಲ್ಲುತ್ತದೆ. ಸಂತೆಯ ತಕ್ಕಡಿಯ ಹಾಗೆಯೇ. ಎರಡು ತಟ್ಟೆಯೂ ಸಮ ತೂಗಿದರೆ ಮುಳ್ಳು ನೆಟ್ಟಗೆ ನಿಲ್ಲುತ್ತದೆ.

ಈಗ ಒಂದು ಪ್ರಶ್ನೆ. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿದೆ ಎಂದರೆ ತರಕಾರಿಯ ತೂಕ ಸರಿ ಇದೆ ಎಂದೇ ಅರ್ಥವೇ? ತರಕಾರಿಯನ್ನೇ ಹಾಕದೆ, ಎರಡೂ ತಟ್ಟೆಗೆ ಒಂದೊಂದು ಕಿಲೋದ ಕಲ್ಲು ಇಟ್ಟರೂ ಮುಳ್ಳು ನಡುವೆಯೇ ನಿಲ್ಲುತ್ತದಲ್ಲ! ಆ ರಾತ್ರಿ ಆದದ್ದು ಹೀಗೆಯೇ.

ಗ್ಲೈಡ್ ಸ್ಲೋಪ್ ಆಂಟೆನಾ ನಿಜವಾಗಿ ಎರಡು ಬಗೆಯ ಸಂಕೇತ ಕಳಿಸುತ್ತದೆ. ಮೊದಲನೆಯದರಲ್ಲಿ ಎರಡೂ ಸ್ವರಗಳು ಸಮಪ್ರಮಾಣದಲ್ಲಿರುತ್ತವೆ. ತಟ್ಟೆಗಳಲ್ಲಿನ ಸಮ ತೂಕದ ಕಲ್ಲು ಇದು. ಎರಡನೆಯದು, ವಿಮಾನ ಎಲ್ಲಿದೆ ಎನ್ನುವುದಕ್ಕೆ ತಕ್ಕಂತೆ ಒಂದು ಸ್ವರವನ್ನು ಏರಿಸಿ ಇನ್ನೊಂದನ್ನು ಇಳಿಸುವ ಸಂಕೇತ. ಮೇಲೆ, ಕೆಳಗೆ ಎಂಬ ವ್ಯತ್ಯಾಸ ಹುಟ್ಟುವುದೇ ಇದರಿಂದ. ಸಮೋವಾದಲ್ಲಿ ಆ ರಾತ್ರಿ ಮೊದಲನೆಯದು ಪ್ರಸಾರವಾಗುತ್ತಿತ್ತು, ಎರಡನೆಯದು ನಿಂತುಹೋಗಿತ್ತು. ಹಾಗಾಗಿ ವಿಮಾನ ಮೇಲಿದ್ದರೂ, ಕೆಳಗಿದ್ದರೂ, ಕಡಲಿಗೆ ತಾಗುವ ಹಾಗಿದ್ದರೂ ಮುಳ್ಳು ಮಾತ್ರ ನಡುವೆಯೇ!

ಸಂಕೇತ ಬಾರದಿದ್ದರೆ ಎಚ್ಚರಿಸಲು ಕಾಕ್‌ಪಿಟ್‌ನಲ್ಲಿ ‘ಫ್ಲಾಗ್’ ಎಂಬ ಗುರುತು ಇದೆ. ಆದರೆ ಅದು ಕಾಣಿಸುವುದು ಸ್ವರಗಳೇ ಇಲ್ಲದಾಗ ಅಥವಾ ತೀರಾ ಕ್ಷೀಣವಾದಾಗ. ಇಲ್ಲಿ ಎರಡೂ ಸ್ವರಗಳು ಗಟ್ಟಿಯಾಗಿಯೇ ಬರುತ್ತಿದ್ದವು. ಹಾಗಾಗಿ ಫ್ಲಾಗ್ ಏಳಲಿಲ್ಲ. ಉಪಕರಣ ಕೆಟ್ಟು ಸುಮ್ಮನಾಗಿದ್ದರೆ ಪೈಲಟ್‌ಗಳಿಗೆ ತಕ್ಷಣ ಗೊತ್ತಾಗುತ್ತಿತ್ತು. ಅದು ಕೆಟ್ಟಿದ್ದೂ ‘ಸರಿ ಇದ್ದೇನೆ’ ಎನ್ನುತ್ತಿತ್ತು.

ನೆಲದ ಮೇಲೊಂದು ಸ್ವಿಚ್

ಐಎಲ್‌ಎಸ್‌ನಂಥ ಜೀವ ಕಾಯುವ ಯಂತ್ರವನ್ನು ಕಾವಲಿಲ್ಲದೆ ಬಿಡುವುದಿಲ್ಲ. ಟ್ರಾನ್ಸ್‌ಮಿಟರ್ ಕಳಿಸುವ ಸಂಕೇತವನ್ನು ಪಕ್ಕದಲ್ಲೇ ಇರುವ ಮಾನಿಟರ್ ಸದಾ ಪರೀಕ್ಷಿಸುತ್ತಿರುತ್ತದೆ. ದೋಷ ಕಂಡ ಕೂಡಲೇ ಅದು ಬದಲಿ ಟ್ರಾನ್ಸ್‌ಮಿಟರ್‌ಗೆ ಬದಲಾಯಿಸುತ್ತದೆ, ಇಲ್ಲವೇ ಪ್ರಸಾರವನ್ನೇ ನಿಲ್ಲಿಸುತ್ತದೆ. ತಪ್ಪು ದಾರಿ ತೋರಿಸುವುದಕ್ಕಿಂತ ದಾರಿ ತೋರಿಸದಿರುವುದು ಮೇಲು ಎಂಬುದು ಇದರ ಹಿಂದಿನ ತತ್ವ.

ಆದರೆ ರಿಪೇರಿ ಮಾಡುವಾಗ ಈ ಕಾವಲುಗಾರ ಪದೇ ಪದೇ ಯಂತ್ರ ನಿಲ್ಲಿಸಿದರೆ ಕೆಲಸ ಸಾಗದು. ಅದಕ್ಕಾಗಿ ಮಾನಿಟರನ್ನು ತಾತ್ಕಾಲಿಕವಾಗಿ ಬದಿಗಿರಿಸುವ ‘ಬೈಪಾಸ್’ ಸ್ಥಿತಿ ಇರುತ್ತದೆ. ಫಲಿಯೋಲೊದಲ್ಲಿ ನಿರ್ವಹಣೆ ಕೆಲಸದ ನಂತರ ಯಂತ್ರ ಆ ಬೈಪಾಸ್ ಸ್ಥಿತಿಯಲ್ಲೇ ಉಳಿದುಬಿಟ್ಟಿತ್ತು. ದೋಷವಿದ್ದ ಟ್ರಾನ್ಸ್‌ಮಿಟರ್ ಪ್ರಸಾರ ಮುಂದುವರಿಸಿತು, ನಿಲ್ಲಿಸಬೇಕಾದವನು ರಜೆಯ ಮೇಲಿದ್ದ ಹಾಗಾಯಿತು.

ಇನ್ನೊಂದು ಕಾವಲೂ ಇತ್ತು. ಯಂತ್ರದ ಸ್ಥಿತಿ ನಿಯಂತ್ರಣ ಗೋಪುರದಲ್ಲಿ ಕುಳಿತವರಿಗೂ ಕಾಣಬೇಕು. ಆದರೆ ಅಲ್ಲಿಗೆ ಹೋಗುವ ನೆಲದಡಿಯ ಕೇಬಲ್ ಕಾಮಗಾರಿಯೊಂದರಲ್ಲಿ ತುಂಡಾಗಿತ್ತು. ಹಾಗಾಗಿ ಗೋಪುರಕ್ಕೂ ಏನೂ ತಿಳಿಯುವಂತಿರಲಿಲ್ಲ.

ಇಲ್ಲಿ ಯಾರೂ ಕೇಡು ಬಯಸಿದವರಿಲ್ಲ. ಕೇಬಲ್ ಕಡಿದವರಿಗೆ ಅದು ನೆಲ ಅಗೆಯುವ ಕೆಲಸ. ಯಂತ್ರದ ಕೋಣೆಯಲ್ಲಿ ಕೆಲಸ ಮಾಡಿದವರಿಗೆ ಅದೊಂದು ಸ್ವಿಚ್. ಎರಡೂ ಸಣ್ಣವೇ. ಆದರೆ ಆ ಎರಡು ಸಣ್ಣ ಸಂಗತಿಗಳ ನಡುವಿನ ಸಂದಿಯಲ್ಲಿ ಒಂದು ಬೋಯಿಂಗ್ ವಿಮಾನ ಕಡಲ ಕಡೆ ಇಳಿಯುತ್ತಿತ್ತು.

ಐದು ಬಾಯಿ, ಒಂದೇ ಸಾಕ್ಷಿ

ಮೂವರು ಅನುಭವಿ ಪೈಲಟ್‌ಗಳಿದ್ದೂ ಹೀಗೇಕಾಯಿತು ಎಂದು ಕೇಳುವುದು ಸುಲಭ. ಅವರ ಕುರ್ಚಿಯಲ್ಲಿ ಒಮ್ಮೆ ಕುಳಿತು ನೋಡೋಣ. ಕ್ಯಾಪ್ಟನ್ ಮುಂದಿನ ಸೂಚಕ ನಡುವೆ ಇದೆ. ಕೋ-ಪೈಲಟ್ ಮುಂದಿನದ್ದೂ ನಡುವೆಯೇ ಇದೆ. ಫ್ಲಾಗ್ ಇಲ್ಲ. ಆಟೊಪೈಲಟ್ ಗ್ಲೈಡ್ ಸ್ಲೋಪ್ ಹಿಡಿದಿದ್ದೇನೆ ಎನ್ನುತ್ತಿದೆ. ಐಎಲ್‌ಎಸ್‌ನ ಗುರುತಿನ ಮೋರ್ಸ್ ಸದ್ದೂ ಇದೆ ಎಂದುಕೊಳ್ಳಿ. ಇಷ್ಟೆಲ್ಲ ಹೌದು ಹೌದು ಎನ್ನುವಾಗ ಯಾರಿಗೆ ತಾನೇ ಅನುಮಾನ ಬರುತ್ತದೆ?

ಆದರೆ ಒಂದೊಂದನ್ನೇ ಬಿಡಿಸಿ ನೋಡಿ. ಎರಡು ಸೂಚಕಗಳಿಗೂ ಬರುತ್ತಿದ್ದುದು ನೆಲದ ಒಂದೇ ಆಂಟೆನಾದ ಸಂಕೇತ. ಆಟೊಪೈಲಟ್ ನಂಬಿದ್ದೂ ಅದನ್ನೇ. ಫ್ಲಾಗ್ ಪರೀಕ್ಷಿಸುವುದೂ ಅದೇ ಸಂಕೇತವನ್ನು. ಮೋರ್ಸ್ ಗುರುತು ಬರುವುದು ಲೋಕಲೈಸರ್‌ನಿಂದ, ಗ್ಲೈಡ್ ಸ್ಲೋಪ್‌ನ ಆರೋಗ್ಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನೆಲ ಹತ್ತಿರವಾದರೆ ಕೂಗುವ ಹಳೆಯ ಮಾದರಿಯ ಎಚ್ಚರಿಕೆ ಯಂತ್ರ ಕೂಡ, ಚಕ್ರ ಇಳಿಸಿ, ಫ್ಲಾಪ್ ಬಿಟ್ಟು, ಮುಳ್ಳು ನಡುವೆ ಇಟ್ಟುಕೊಂಡು ಇಳಿಯುವ ವಿಮಾನವನ್ನು ಕಂಡು ‘ಸರಿ, ಇದು ಲ್ಯಾಂಡ್ ಆಗುತ್ತಿದೆ’ ಎಂದುಕೊಂಡು ಸುಮ್ಮನಿರುತ್ತದೆ.

ಕಾಕ್‌ಪಿಟ್‌ನಲ್ಲಿ ಐದು ಸಾಕ್ಷಿಗಳಿದ್ದಂತೆ ಕಂಡರೂ ಇದ್ದದ್ದು ಒಂದೇ. ಅದೇ ಐದು ಬಾಯಲ್ಲಿ ಮಾತಾಡುತ್ತಿತ್ತು. ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲೂ ಆಗುವುದು ಇದೇ ತಾನೇ? ನೇಮಕಾತಿ ಪರೀಕ್ಷೆ ಮುಂದೂಡಿದ್ದಾರೆ ಎಂಬ ಮೆಸೇಜು ಐದು ಗ್ರೂಪಿನಲ್ಲಿ ಬಂದರೆ ಐದು ಕಡೆಯಿಂದ ಖಾತ್ರಿಯಾಯಿತು ಎಂದು ನಂಬುತ್ತೇವೆ. ಎಲ್ಲವೂ ಒಬ್ಬನೇ ಯಾರೋ ಹಾಕಿದ್ದರ ಫಾರ್ವರ್ಡ್ ಆಗಿರುತ್ತದೆ. ಇಲಾಖೆಯ ಅಧಿಕೃತ ಪ್ರಕಟಣೆಯನ್ನು ತೆರೆದು ನೋಡಿದರೆ ಮಾತ್ರ ಅದು ಎರಡನೇ ಸಾಕ್ಷಿ.

ಉಳಿಸಿದ್ದು ಏಳನೇ ತರಗತಿ ಗಣಿತ

ಆ ಪೈಲಟ್‌ಗಳನ್ನು ಉಳಿಸಿದ್ದು ಗ್ಲೈಡ್ ಸ್ಲೋಪ್‌ಗೆ ಸಂಬಂಧವೇ ಇಲ್ಲದ ಎರಡು ಸಂಗತಿಗಳು. ಒಂದು, ಕಿಟಕಿಯಾಚೆ ಕಂಡ ದ್ವೀಪದ ದೀಪಗಳು. ಅವು ಇರಬೇಕಾದ ಜಾಗದಲ್ಲಿ ಕಾಣುತ್ತಿರಲಿಲ್ಲ. ಇನ್ನೊಂದು, ಡಿಎಂಇ ಎಂಬ ದೂರಮಾಪಕದ ಅಂಕಿ. ರನ್‌ವೇ ಎಷ್ಟು ದೂರದಲ್ಲಿದೆ ಎಂದು ಅದು ತೋರಿಸುತ್ತದೆ. ಆ ದೂರಕ್ಕೂ ಆಲ್ಟಿಮೀಟರ್ ತೋರಿಸುತ್ತಿದ್ದ ಎತ್ತರಕ್ಕೂ ತಾಳೆಯಾಗಲಿಲ್ಲ.

ಲೆಕ್ಕ ಬಹಳ ಸುಲಭ. 3 ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನ ಪ್ರತಿ ನಾಟಿಕಲ್ ಮೈಲಿಗೆ, ಅಂದರೆ 1,852 ಮೀಟರ್‌ಗೆ, ಸುಮಾರು 318 ಅಡಿ ಇಳಿಯುತ್ತದೆ. ಬಾಯಿಲೆಕ್ಕಕ್ಕೆ 300 ಎಂದಿಟ್ಟುಕೊಳ್ಳಿ. ರನ್‌ವೇ 10 ಮೈಲಿ ದೂರವಿದ್ದರೆ 3,000 ಅಡಿ, 6 ಮೈಲಿ ಇದ್ದರೆ 1,800 ಅಡಿ, 3 ಮೈಲಿ ಇದ್ದರೆ 900 ಅಡಿ. ಕಡಲಂಚಿನ ನಿಲ್ದಾಣವಾದ್ದರಿಂದ ನೆಲದ ಎತ್ತರ ಕೂಡಿಸುವ ತಾಪತ್ರಯವೂ ಇಲ್ಲ. 6 ಮೈಲಿಗೆ 400 ಅಡಿ ಎಂದರೆ ಯಾವ ಲೆಕ್ಕಕ್ಕೂ ಕೂಡದ ಉತ್ತರ.

ಆ ಕ್ಷಣದಲ್ಲಿ ಕ್ಯಾಪ್ಟನ್ ಮಾಡಿದ ಕೆಲಸವೇ ಇಡೀ ಕಥೆಯ ಜೀವಾಳ. ಉಪಕರಣದಲ್ಲಿ ಏನು ಕೆಟ್ಟಿದೆ ಎಂದು ಅವರಿಗೆ ಆಗ ಗೊತ್ತಿರಲಿಲ್ಲ. ಅದನ್ನು ಪತ್ತೆ ಹಚ್ಚುತ್ತಾ ಕೂರಲೂ ಇಲ್ಲ. ಎಂಜಿನ್‌ಗೆ ಶಕ್ತಿ ಕೊಟ್ಟು ಮೇಲೇರಿಸಿದರು. ಇದಕ್ಕೆ ವಿಮಾನಯಾನದಲ್ಲಿ ‘ಗೋ ಅರೌಂಡ್’ ಎನ್ನುತ್ತಾರೆ. ಇಳಿಯುವುದನ್ನು ಕೈಬಿಟ್ಟು, ಒಂದು ಸುತ್ತು ಹಾಕಿ ಮತ್ತೆ ಬರುವುದು. ಮೊದಲು ಅಪಾಯದಿಂದ ಹೊರಗೆ, ಕಾರಣದ ಹುಡುಕಾಟ ಆಮೇಲೆ.

ಎರಡನೇ ಸಲ ಬರುವಾಗ ಗ್ಲೈಡ್ ಸ್ಲೋಪ್‌ನ ಗೊಡವೆಗೇ ಹೋಗಲಿಲ್ಲ. ನೇರಕ್ಕೆ ಲೋಕಲೈಸರ್, ಇಳಿಯಲು ದೂರ-ಎತ್ತರದ ಲೆಕ್ಕ. ವಿಮಾನ ಸುರಕ್ಷಿತವಾಗಿ ಇಳಿಯಿತು.

ಗುವಾಮ್, ಆಮ್ಸ್ಟರ್‌ಡ್ಯಾಮ್

ಎಲ್ಲರಿಗೂ ಈ ಅದೃಷ್ಟ ಇರಲಿಲ್ಲ. ಸಮೋವಾ ಘಟನೆಗೆ ಮೂರು ವರ್ಷ ಮೊದಲು, 1997ರ ಆಗಸ್ಟ್ 6ರಂದು, ಕೊರಿಯನ್ ಏರ್ ಕಂಪನಿಯ ಬೋಯಿಂಗ್ 747 ವಿಮಾನ ಮಳೆಯ ರಾತ್ರಿ ಗುವಾಮ್ ದ್ವೀಪದಲ್ಲಿ ಇಳಿಯಬೇಕಿತ್ತು. ಅಲ್ಲಿನ ಗ್ಲೈಡ್ ಸ್ಲೋಪ್ ಕೆಲಸ ಮಾಡುತ್ತಿಲ್ಲ ಎಂದು ಮೊದಲೇ ಪ್ರಕಟಿಸಲಾಗಿತ್ತು. ಆದರೂ ಅದು ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂಬ ಗೊಂದಲ ಕಾಕ್‌ಪಿಟ್‌ನಲ್ಲಿ ಕೊನೆಯವರೆಗೂ ಉಳಿಯಿತು. ಇರಬೇಕಾದ ಎತ್ತರಕ್ಕಿಂತ ಕೆಳಗೆ ಬಂದ ವಿಮಾನ ರನ್‌ವೇಗಿಂತ ಸುಮಾರು 3 ಮೈಲಿ ಮೊದಲೇ ನಿಮಿಟ್ಜ್ ಹಿಲ್ ಎಂಬ ಗುಡ್ಡಕ್ಕೆ ಅಪ್ಪಳಿಸಿತು. 254 ಜನರಲ್ಲಿ 228 ಮಂದಿ ಸತ್ತರು. ಕ್ಯಾಪ್ಟನ್‌ನ ನಿರ್ಧಾರಗಳನ್ನು ಜೊತೆಗಿದ್ದ ಇಬ್ಬರು ಸಕಾಲದಲ್ಲಿ ಪ್ರಶ್ನಿಸಲಿಲ್ಲ ಎಂದು ಅಮೆರಿಕದ ತನಿಖಾ ಮಂಡಳಿ ಹೇಳಿತು. ವಿಮಾನ ತೀರಾ ಕೆಳಗಿಳಿದರೆ ನೆಲದಲ್ಲಿರುವವರನ್ನು ಎಚ್ಚರಿಸಬೇಕಿದ್ದ ವ್ಯವಸ್ಥೆಯನ್ನೂ ಅಲ್ಲಿ ನಿಷ್ಕ್ರಿಯಗೊಳಿಸಲಾಗಿತ್ತು. ಇಲ್ಲೂ ಕಾವಲುಗಾರ ಮನೆಯಲ್ಲಿರಲಿಲ್ಲ.

2009ರ ಫೆಬ್ರವರಿ 25ರಂದು ಆಮ್ಸ್ಟರ್‌ಡ್ಯಾಮ್‌ನಲ್ಲಿ ತಪ್ಪು ಹೇಳಿದ್ದು ಬೇರೊಂದು ಉಪಕರಣ. ಟರ್ಕಿಶ್ ಏರ್‌ಲೈನ್ಸ್‌ನ ಬೋಯಿಂಗ್ 737 ಸುಮಾರು 2,000 ಅಡಿ ಎತ್ತರದಲ್ಲಿತ್ತು. ಆದರೆ ಎಡಗಡೆಯ ರೇಡಿಯೊ ಆಲ್ಟಿಮೀಟರ್ ‘ಮೈನಸ್ 8 ಅಡಿ’ ಎಂದು ತೋರಿಸಿತು. ಅಂದರೆ ವಿಮಾನ ನೆಲದ ಮೇಲೇ ಇದೆ! ಅದನ್ನು ನಂಬಿದ ಆಟೊಥ್ರಾಟಲ್ ‘ಇನ್ನೇನು ಚಕ್ರ ತಾಗುತ್ತದೆ’ ಎಂದುಕೊಂಡು ಎಂಜಿನ್ ಶಕ್ತಿಯನ್ನು ತಗ್ಗಿಸಿಬಿಟ್ಟಿತು. ಬಲಗಡೆಯ ಆಲ್ಟಿಮೀಟರ್ ಸರಿಯಾಗಿಯೇ ತೋರಿಸುತ್ತಿತ್ತು, ಆದರೆ ಆಟೊಥ್ರಾಟಲ್ ಕೇಳುತ್ತಿದ್ದುದು ಎಡಗಡೆಯದರ ಮಾತನ್ನು. ವಿಮಾನ ಆಗ ಗ್ಲೈಡ್ ಸ್ಲೋಪ್‌ಗಿಂತ ಮೇಲಿನಿಂದ ಇಳಿಯುತ್ತಿದ್ದುದರಿಂದ ಎಂಜಿನ್ ಶಕ್ತಿ ಕಡಿಮೆಯಾಗಿದ್ದು ಸಹಜವಾಗಿಯೇ ಕಂಡಿತು. ಒಂದು ನಿಮಿಷಕ್ಕೂ ಹೆಚ್ಚು ಕಾಲ ಎಂಜಿನ್‌ಗಳು ಹಾಗೆಯೇ ಇದ್ದವು. ವೇಗ ಬೇಕಾದ್ದಕ್ಕಿಂತ ತೀರಾ ಕೆಳಗೆ ಕುಸಿಯುವವರೆಗೆ ಯಾರೂ ಗಮನಿಸಲಿಲ್ಲ. ಅಲ್ಲೂ ಕಾಕ್‌ಪಿಟ್‌ನಲ್ಲಿ ಮೂವರಿದ್ದರು. ಆ ಮೂವರೂ ಸೇರಿ ಒಂಬತ್ತು ಜನ ಪ್ರಾಣ ಕಳೆದುಕೊಂಡರು. ಅದಕ್ಕೂ ಮುಂಚೆ ಇಳಿಯುವಾಗ, ಚಕ್ರ ಬಿಟ್ಟಿಲ್ಲ ಎಂಬ ಎಚ್ಚರಿಕೆ ಸಾವಿರಾರು ಅಡಿ ಎತ್ತರದಲ್ಲೇ ಕೂಗಿತ್ತು. ಎತ್ತರದ ಅಂಕಿ ತಪ್ಪು ಎಂಬುದಕ್ಕೆ ಅದೇ ಸುಳಿವಾಗಿತ್ತು.

ನಮ್ಮ ನೆಲದ ಎರಡು ಗಾಯ

ಕರ್ನಾಟಕದ ಎರಡು ದುರಂತಗಳನ್ನು ಇವುಗಳ ಪಕ್ಕ ಇಟ್ಟು ನೋಡಿದರೆ ಇನ್ನೊಂದು ಮುಖ ಕಾಣುತ್ತದೆ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ ತಲುಪುವ ಮುನ್ನವೇ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಜನರಲ್ಲಿ 92 ಮಂದಿ ಉಳಿಯಲಿಲ್ಲ. ಎಂಜಿನ್‌ಗಳನ್ನು ಕನಿಷ್ಠ ಶಕ್ತಿಯಲ್ಲಿಟ್ಟು ಇಳಿಸುವ ಮೋಡ್‌ನಲ್ಲಿ ವಿಮಾನವಿತ್ತು. ವೇಗ, ಎತ್ತರ ಎರಡೂ ಇಳಿಯುತ್ತಿದ್ದವು. ಉಪಕರಣಗಳು ಅದನ್ನು ತೋರಿಸುತ್ತಿದ್ದವು. ಪೈಲಟ್‌ಗಳ ಗಮನಕ್ಕೆ ಅದು ಬಂದಾಗ ತಡವಾಗಿತ್ತು. ಯಂತ್ರ ಏನು ಮಾಡುತ್ತಿದೆ ಎಂದು ನಾವು ಅಂದುಕೊಂಡಿರುವುದಕ್ಕೂ ಅದು ನಿಜವಾಗಿ ಮಾಡುತ್ತಿರುವುದಕ್ಕೂ ಅಂತರ ಬಿದ್ದರೆ, ಸರಿಯಾದ ಉಪಕರಣವೂ ಸುಳ್ಳು ಹೇಳಿದಷ್ಟೇ ಅಪಾಯಕಾರಿ.

2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿ ಬಂದು, ರನ್‌ವೇಯ ಬಹುಭಾಗ ದಾಟಿದ ಮೇಲೆ ನೆಲ ಮುಟ್ಟಿ, ಕಣಿವೆಗೆ ಜಾರಿತು. 158 ಜನ ಸತ್ತರು, ಎಂಟು ಮಂದಿ ಬದುಕಿದರು. ಈ ಇಳಿಕೆ ಬೇಡ, ಗೋ ಅರೌಂಡ್ ಮಾಡೋಣ ಎಂದು ಕೋ-ಪೈಲಟ್ ಮೂರು ಸಲ ಹೇಳಿದ್ದರು ಎಂದು ತನಿಖಾ ವರದಿ ದಾಖಲಿಸಿದೆ. ಯಂತ್ರವೂ ಎಚ್ಚರಿಸಿತ್ತು. ಅಂದು ಎರಡನೇ ಸಾಕ್ಷಿ ಇತ್ತು, ಬಾಯಿ ಬಿಟ್ಟು ಹೇಳಿಯೂ ಇತ್ತು. ಕೇಳುವವರಿರಲಿಲ್ಲ.

ಸಮೋವಾದಲ್ಲಿ ಉಪಕರಣ ಸುಳ್ಳು ಹೇಳಿಯೂ ವಿಮಾನ ಉಳಿಯಿತು. ಮಂಗಳೂರಿನಲ್ಲಿ ಸತ್ಯ ಹೇಳಿಯೂ ಉಳಿಯಲಿಲ್ಲ. ಎರಡು ಕಾಕ್‌ಪಿಟ್‌ಗಳ ನಡುವಿನ ವ್ಯತ್ಯಾಸ, ‘ಏನೋ ಸರಿಯಿಲ್ಲ’ ಎನಿಸಿದಾಗ ಏನು ಮಾಡಿದರು ಎಂಬುದರಲ್ಲಿದೆ.

ಬಿಟ್ಟಿ ಸಿಕ್ಕ ಪಾಠ

ಏರ್ ನ್ಯೂಜಿಲೆಂಡ್‌ಗೆ ದುರಂತದ ಬೆಲೆ ಗೊತ್ತಿತ್ತು. 1979ರ ನವೆಂಬರ್‌ನಲ್ಲಿ ಅದರ ಡಿಸಿ-10 ವಿಮಾನ ಅಂಟಾರ್ಕ್ಟಿಕಾದ ಎರೆಬಸ್ ಪರ್ವತಕ್ಕೆ ಬಡಿದು 257 ಜನ ಸತ್ತಿದ್ದರು. ವಿಮಾನದ ಕಂಪ್ಯೂಟರ್‌ನಲ್ಲಿದ್ದ ದಾರಿಯ ಅಂಕಿಗಳನ್ನು ಬದಲಿಸಿದ್ದು ಪೈಲಟ್‌ಗಳಿಗೆ ತಿಳಿದಿರಲಿಲ್ಲ. ಸಮೋವಾದಲ್ಲಿ ಅಂಥದೇ ಪಾಠ ಒಂದೂ ಜೀವ ಹೋಗದೆ ಸಿಕ್ಕಿತ್ತು.

ಮುಚ್ಚಿಡುವುದು ಬಹಳ ಸುಲಭವಿತ್ತು. ಪ್ರಯಾಣಿಕರು ಇಳಿದು ಮನೆಗೆ ಹೋಗಿದ್ದರು. ಆದರೆ ಕಂಪನಿ ಹಾಗೆ ಮಾಡಲಿಲ್ಲ. ನಡೆದದ್ದನ್ನು ಎಳೆ ಎಳೆಯಾಗಿ ಬಿಡಿಸಿ, ತರಬೇತಿಗಾಗಿ ಚಿತ್ರವೊಂದನ್ನು ಮಾಡಿ ಜಗತ್ತಿನ ಪೈಲಟ್‌ಗಳ ಮುಂದಿಟ್ಟಿತು. ಅದರ ಹೆಸರು ‘ಎ ಫ್ರೀ ಲೆಸನ್’. ಬಿಟ್ಟಿ ಪಾಠ! ಗ್ಲೈಡ್ ಸ್ಲೋಪ್ ಹಿಡಿದ ಮೇಲೂ ನಿಗದಿತ ದೂರದಲ್ಲಿ ಎತ್ತರ ಎಷ್ಟಿದೆ ಎಂದು ತಾಳೆ ನೋಡುವುದರ ಮಹತ್ವವನ್ನು ಈ ಘಟನೆ ಎತ್ತಿ ತೋರಿಸಿತು. ಹೊಸ ತಲೆಮಾರಿನ ನೆಲ-ಎಚ್ಚರಿಕೆ ಯಂತ್ರಗಳಲ್ಲಿ ಜಗತ್ತಿನ ನೆಲ ಮತ್ತು ರನ್‌ವೇಗಳ ನಕ್ಷೆಯೇ ಇರುತ್ತದೆ. ರನ್‌ವೇ ದೂರವಿದ್ದಾಗಲೇ ವಿಮಾನ ತೀರಾ ಕೆಳಗಿಳಿದರೆ, ಮುಳ್ಳು ಎಲ್ಲೇ ನಿಂತಿರಲಿ, ಅದು ಕೂಗಬಲ್ಲದು. ಅದು ನಿಜವಾದ ಎರಡನೇ ಸಾಕ್ಷಿ.

ಹಾಗೆಂದು ಸಮಸ್ಯೆ ಮುಗಿದಿಲ್ಲ. ಈಗ ಸುಳ್ಳು ಆಕಾಶದಿಂದಲೂ ಬರುತ್ತಿದೆ. 2023ರಿಂದೀಚೆಗೆ ಪಶ್ಚಿಮ ಏಷ್ಯಾದ ಮೇಲೆ ಹಾರುವ ವಿಮಾನಗಳಿಗೆ ನಕಲಿ ಜಿಪಿಎಸ್ ಸಂಕೇತಗಳ ಕಾಟ ಹೆಚ್ಚಿತು. ವಿಮಾನ ಒಂದು ಕಡೆ ಇದ್ದರೆ ಪರದೆ ಇನ್ನೊಂದು ಕಡೆ ತೋರಿಸುತ್ತದೆ. ಆ ವರ್ಷದ ನವೆಂಬರ್‌ನಲ್ಲಿ ನಮ್ಮ ಡಿಜಿಸಿಎ ವಿಮಾನ ಕಂಪನಿಗಳಿಗೆ ಸುತ್ತೋಲೆ ಕಳಿಸಿತು. 2025ರ ನವೆಂಬರ್‌ನಲ್ಲಿ ದೆಹಲಿ ನಿಲ್ದಾಣದ ಸುತ್ತಲೂ ಇಂಥ ನಕಲಿ ಸಂಕೇತಗಳ ದೂರು ಕೇಳಿಬಂತು. ಜಿಪಿಎಸ್ ಕೈಕೊಟ್ಟಾಗ ಪೈಲಟ್‌ಗಳು ಮೊರೆ ಹೋಗುವುದು ಅದೇ ಹಳೆಯ ಐಎಲ್‌ಎಸ್, ಡಿಎಂಇಗಳಿಗೆ. ಹಾಗಾಗಿ ನೆಲದ ಮೇಲಿನ ಈ ಯಂತ್ರಗಳಿಗೂ, ಅವುಗಳನ್ನು ನೋಡಿಕೊಳ್ಳುವ ಕೈಗಳಿಗೂ ಬೆಲೆ ಕಡಿಮೆಯಾಗಿಲ್ಲ.

ಆ ಕೈ ನಮ್ಮದೂ ಆಗಬಹುದು

ವಿಮಾನ ಎಂದ ಕೂಡಲೇ ನಮಗೆ ನೆನಪಾಗುವುದು ಪೈಲಟ್ ಕೋರ್ಸು, ಅದರ ಲಕ್ಷಾಂತರ ರೂಪಾಯಿ ಫೀಸು. ಆದರೆ ಈ ಕಥೆಯಲ್ಲಿ ಪೈಲಟ್‌ಗಳಷ್ಟೇ ಮುಖ್ಯವಾದವರು ರನ್‌ವೇ ಪಕ್ಕದ ಪುಟ್ಟ ಕೋಣೆಯಲ್ಲಿ ಕೆಲಸ ಮಾಡುವ ಎಲೆಕ್ಟ್ರಾನಿಕ್ಸ್ ಸಿಬ್ಬಂದಿ. ನಮ್ಮ ದೇಶದಲ್ಲಿ ಈ ಕೆಲಸ ಏರ್‌ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾದ್ದು. ಎಲೆಕ್ಟ್ರಾನಿಕ್ಸ್ ಓದಿದ ಎಂಜಿನಿಯರ್‌ಗಳನ್ನು ಅದು ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆಗೆ ಆರಿಸುತ್ತದೆ, ಇತ್ತೀಚಿನ ವರ್ಷಗಳಲ್ಲಿ ಗೇಟ್ ಅಂಕಗಳ ಆಧಾರದ ಮೇಲೆ. ಐಎಲ್‌ಎಸ್ ಸಂಕೇತ ಸರಿಯಿದೆಯೇ ಎಂದು ಹಾರಿ ನೋಡಿ ಅಳೆಯಲು ಅದರ ಬಳಿ ಪ್ರತ್ಯೇಕ ವಿಮಾನಗಳೇ ಇವೆ. ಇಸಿ ಬ್ರಾಂಚ್ ಮುಗಿಸಿ ‘ಸಾಫ್ಟ್‌ವೇರ್ ಬಿಟ್ಟರೆ ಬೇರೆ ಗತಿಯಿಲ್ಲ’ ಎನ್ನುವ ಗೆಳೆಯರು ಈ ಕಡೆಯೂ ಒಮ್ಮೆ ನೋಡಬಹುದು.

ಮಾಡ್ಯುಲೇಷನ್ ಪಾಠವನ್ನು ನಾವೆಲ್ಲ ಐದು ಮಾರ್ಕಿನ ಪ್ರಶ್ನೆಗೆ ಓದಿದವರು. ಕ್ಯಾರಿಯರ್, ಸೈಡ್‌ಬ್ಯಾಂಡ್ ಎಂದು ಚಿತ್ರ ಬರೆದು ಮುಂದೆ ಹೋದವರು. ಸಮೋವಾದಲ್ಲಿ ಕಾಣೆಯಾಗಿದ್ದದ್ದು ಅದೇ ಸೈಡ್‌ಬ್ಯಾಂಡ್. ಪುಸ್ತಕದ ಒಂದು ಗೆರೆ 170ಕ್ಕೂ ಹೆಚ್ಚು ಜನರ ಜೀವದ ಗೆರೆಯೂ ಹೌದು ಎಂದು ಯಾರಾದರೂ ಕ್ಲಾಸಿನಲ್ಲಿ ಹೇಳಿದ್ದರೆ ಆ ಪಾಠವನ್ನು ಬೇರೆ ರೀತಿ ಕೇಳುತ್ತಿದ್ದೆವೋ ಏನೋ.

ಬೇರೆ ವಿಷಯ ಓದಿದವರಿಗೂ ಇಲ್ಲಿ ಕಲಿಯುವುದಿದೆ. ಒಳ್ಳೆಯ ಎಲೆಕ್ಟ್ರಿಷಿಯನ್ ಒಬ್ಬರು ಕೆಲಸ ಮಾಡುವುದನ್ನು ಗಮನಿಸಿ. ವೈರಿಗೆ ಟೆಸ್ಟರ್ ಮುಟ್ಟಿಸುವ ಮೊದಲು, ಕರೆಂಟ್ ಇರುವುದು ಗೊತ್ತಿರುವ ಪ್ಲಗ್ಗಿಗೆ ಮುಟ್ಟಿಸಿ ದೀಪ ಹೊತ್ತುತ್ತದೆಯೇ ಎಂದು ನೋಡುತ್ತಾರೆ. ದೀಪ ಹೊತ್ತಲಿಲ್ಲ ಎಂದರೆ ಕರೆಂಟ್ ಇಲ್ಲ ಎಂದೂ ಆಗಬಹುದು, ಟೆಸ್ಟರ್ ಕೆಟ್ಟಿದೆ ಎಂದೂ ಆಗಬಹುದು ಎಂಬುದು ಅವರಿಗೆ ಗೊತ್ತು. ಬ್ಯಾಂಕಿನಲ್ಲಿ ಎರಡು ಕಡೆಯ ಲೆಕ್ಕ ತಾಳೆಯಾಯಿತು ಎಂದಾಗ, ಎಕ್ಸೆಲ್ ಶೀಟಿನಲ್ಲಿ ದೋಷ ಸೊನ್ನೆ ಎಂದು ಬಂದಾಗ, ರೋಗಿಯ ಮಾನಿಟರ್ ಎಲ್ಲ ನಾರ್ಮಲ್ ಎಂದಾಗ ನಾವೂ ಕೇಳಬಹುದಾದ ಪ್ರಶ್ನೆ ಒಂದೇ: ಇದು ಕೆಟ್ಟಿದ್ದರೂ ಹೀಗೆಯೇ ಕಾಣುತ್ತಿತ್ತೇ? ಹೌದು ಎಂದಾದರೆ ಬೇರೆ ದಾರಿಯಿಂದ ಇನ್ನೊಮ್ಮೆ ನೋಡಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ಸುಲಭವಲ್ಲ. ‘ನಾನು ನಿನ್ನೆ ಬಂದವನು, ಹತ್ತು ವರ್ಷದ ಅನುಭವದವರಿಗೆ ಹೇಗೆ ಹೇಳಲಿ’ ಎಂಬ ಅಳುಕು ಸಹಜ. ಹೇಳುವುದಕ್ಕೆ ಪೂರ್ತಿ ಕಾರಣ ಗೊತ್ತಿರಬೇಕೆಂದಿಲ್ಲ. ‘ಸರ್, ಆರು ಮೈಲಿಗೆ ನಾನೂರು ಅಡಿ ಲೆಕ್ಕ ಕೂಡುತ್ತಿಲ್ಲ, ಒಮ್ಮೆ ನೋಡ್ತೀರಾ’ ಎಂದರೆ ಸಾಕು. ಅಂಕಿಯನ್ನು ಮುಂದಿಟ್ಟು ಹೇಳಿದ ಮಾತಿಗೆ ತೂಕವೂ ಹೆಚ್ಚು, ಅದರಲ್ಲಿ ಅಗೌರವವೂ ಇಲ್ಲ.

ಇನ್ನು ಹಿಂದಕ್ಕೆ ಸರಿಯುವ ಮಾತು. ಗೋ ಅರೌಂಡ್ ಮಾಡಿದ ಪೈಲಟ್‌ನನ್ನು ಅದಕ್ಕಾಗಿ ದಂಡಿಸಬಾರದು ಎಂಬುದು ಇಂದು ವಿಮಾನಯಾನದಲ್ಲಿ ಎಲ್ಲರೂ ಒಪ್ಪಿದ ರೀತಿ. ದಂಡಿಸಿದರೆ ಮುಂದಿನವನು ಅನುಮಾನ ಬಂದರೂ ಇಳಿಸಲು ನೋಡುತ್ತಾನೆ. ನಮ್ಮ ಕಚೇರಿಗಳಲ್ಲಿ, ಕಾಲೇಜಿನ ಪ್ರಾಜೆಕ್ಟ್‌ಗಳಲ್ಲಿ ಈ ಮರ್ಯಾದೆ ಇನ್ನೂ ಬಂದಿಲ್ಲ. ಕೊನೆಯ ಗಳಿಗೆಯಲ್ಲಿ ‘ಇದು ಸರಿಯಿಲ್ಲ, ಇನ್ನೊಮ್ಮೆ ಮಾಡೋಣ’ ಎಂದವನನ್ನು ನಾವು ತಡಮಾಡುವವನು ಎಂದೇ ಕರೆಯುತ್ತೇವೆ. ಸಮೋವಾದ ಪ್ರಯಾಣಿಕರಿಗೂ ಆ ರಾತ್ರಿ ಕೆಲವು ನಿಮಿಷ ತಡವಾಯಿತು.

ನಿಮ್ಮ ಕೆಲಸ ಮುಗಿಸಿ ಕೋಣೆಯಿಂದ ಹೊರಡುವಾಗ ಯಾವ ಸ್ವಿಚ್ಚನ್ನು ನೀವು ಬದಲಿಸಿದ್ದಿರಿ, ಅದು ಮತ್ತೆ ಮೊದಲಿನ ಜಾಗಕ್ಕೆ ಬಂದಿದೆಯೇ ಎಂದು ತಿರುಗಿ ನೋಡಿ. ಕತ್ತಲಲ್ಲಿ ಇಳಿಯುತ್ತಿರುವ ಯಾರೋ ಅದನ್ನು ನಂಬಿಕೊಂಡಿರುತ್ತಾರೆ.